ಮಲೆನಾಡಿನ ಹಳ್ಳ, ಹೊಳೆ, ಗಾಳಿಯಲ್ಲಿ ಕ್ಷುಬ್ಧ ಹರಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್‌ಗಾಗಿ ಹಳ್ಳಕ್ಕಿಳಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕಿರು ಜಲವಿದ್ಯುತ್ ಯಂತ್ರ ಕೂರಿಸಲು ಹೊರಟ ತೋಟದವರು, ಹೊಳೆ ನೀರಿನ ಮಾದರಿ ತೆಗೆಯುವ ಊರಿನ ಗುಂಪುಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಲೆಕ್ಕಗಳಲ್ಲಿ ಬರುವ ಅಗಲ, ಆಳ, ಇಳಿಜಾರು ಉದಾಹರಣೆಗೆಂದು ಇಟ್ಟುಕೊಂಡವು. ನಿಮ್ಮ ಹಳ್ಳದ ಅಳತೆ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

ಕ್ಷುಬ್ಧ ಹರಿವು ಅಂದರೆ ಏನು?

ಜೇನುತುಪ್ಪ ಸುರಿಯುವಾಗ ನೋಡಿ. ಎಳೆ ಕಡಿಯದೆ, ಒಂದು ಪದರ ಇನ್ನೊಂದರ ಪಕ್ಕದಲ್ಲೇ ಜಾರುತ್ತಾ ಇಳಿಯುತ್ತದೆ. ಅದು ಪದರ ಹರಿವು. ಅಡಿಕೆ ದಬ್ಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ತೆರೆದ ಕಾಲುವೆ) ಬರುವ ಅಬ್ಬಿ ನೀರು, ಅಂದರೆ ಗುಡ್ಡದ ಒರತೆ ನೀರು, ಹಾಗಲ್ಲ. ಅದಕ್ಕೆ ಒಂದು ಹನಿ ಅರಿಶಿನ ನೀರು ಬಿಟ್ಟರೆ ಎರಡು ಮೂರು ಮಾರು ಹೋಗುವಷ್ಟರಲ್ಲಿ ದಬ್ಬೆಯ ಅಗಲಕ್ಕೂ ಹರಡಿರುತ್ತದೆ. ಸಣ್ಣ ದೊಡ್ಡ ಸುಳಿಗಳು ಒಂದರೊಳಗೊಂದು ಹೆಣೆದುಕೊಂಡು, ವೇಗ ಕ್ಷಣಕ್ಷಣಕ್ಕೂ ಏರಿಳಿಯುವ ಇಂಥ ಹರಿವೇ ಕ್ಷುಬ್ಧ ಹರಿವು, ಇಂಗ್ಲಿಷಿನಲ್ಲಿ ಟರ್ಬುಲೆನ್ಸ್.

ಸುಳಿ ಎಂದಾಗ ಮಡುವಿನಲ್ಲಿ ಗರಗರ ತಿರುಗುವ ದೊಡ್ಡ ಸುಳಿಯನ್ನಷ್ಟೇ ಕಲ್ಪಿಸಿಕೊಳ್ಳಬೇಡಿ. ಮೊಣಕಾಲುದ್ದ ನೀರಿರುವ ಹಳ್ಳದಲ್ಲೂ ನೀರಿನ ಆಳದಷ್ಟು ದೊಡ್ಡ ಸುಳಿಯಿಂದ ಹಿಡಿದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಸುಳಿಯವರೆಗೆ ಎಲ್ಲವೂ ಇರುತ್ತವೆ. ದೊಡ್ಡ ಸುಳಿ ಒಡೆದು ಚಿಕ್ಕದಾಗುತ್ತದೆ, ಚಿಕ್ಕದು ಇನ್ನೂ ಚಿಕ್ಕದಾಗುತ್ತದೆ. ಕೊನೆಗೆ ನೀರಿನ ಸ್ನಿಗ್ಧತೆ (ಅಂಟುತನ) ಆ ಚಲನೆಯನ್ನು ಶಾಖವಾಗಿ ನುಂಗುತ್ತದೆ. ಕಡೆಯ ಸುಳಿಯ ಗಾತ್ರ ಎಷ್ಟೆಂದು ಲೆಕ್ಕ ಕಟ್ಟುವ ದಾರಿಯನ್ನು ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ತೋರಿಸಿದರು.

ನಮ್ಮ ಹಳ್ಳದ ಹರಿವು ಕ್ಷುಬ್ಧವೋ ಅಲ್ಲವೋ ತಿಳಿಯುವುದು ಹೇಗೆ?

ವೇಗವನ್ನು (ಮೀಟರ್ ಪ್ರತಿ ಸೆಕೆಂಡ್) ಆಳದಿಂದ (ಮೀಟರ್) ಗುಣಿಸಿ, ಬಂದದ್ದನ್ನು ಹತ್ತು ಲಕ್ಷದಿಂದ ಗುಣಿಸಿ. ಅದು ನೀರಿಗೆ ರೆನಾಲ್ಡ್ಸ್ ಸಂಖ್ಯೆ. ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ಎಳೆ ಬಿಟ್ಟು ಇದನ್ನು ತೋರಿಸಿಕೊಟ್ಟರು. ಕೊಳವೆಯಲ್ಲಿ ವ್ಯಾಸ ಹಿಡಿದು ಲೆಕ್ಕ ಮಾಡಿದರೆ ಸುಮಾರು 2,000ದವರೆಗೆ ಪದರ ಹರಿವು. ತೆರೆದ ಕಾಲುವೆಯಲ್ಲಿ ಆಳ ಹಿಡಿದರೆ 500ರ ಆಸುಪಾಸಿನಲ್ಲೇ ಬದಲಾವಣೆ ಶುರುವಾಗಿ, 2,000 ದಾಟುವಷ್ಟರಲ್ಲಿ ಪೂರ್ತಿ ಕ್ಷುಬ್ಧ.

ದಬ್ಬೆಯಲ್ಲಿ 3 ಸೆಂ.ಮೀ. ನೀರು ಅರ್ಧ ಮೀಟರ್ ವೇಗದಲ್ಲಿ ಹರಿದರೆ 15,000. ಒಂದಡಿ ಆಳದ ಹಳ್ಳ ಅದೇ ವೇಗದಲ್ಲಿ ಹರಿದರೆ ಒಂದೂವರೆ ಲಕ್ಷ. ತೋಟದ ಮೇಲೆ ಸೆಕೆಂಡಿಗೆ 2 ಮೀಟರಿನಂತೆ ಬೀಸುವ ಗಾಳಿಗೆ, ಮರದ ಎತ್ತರ 10 ಮೀಟರ್ ಎಂದು ಹಿಡಿದರೆ, ಹದಿಮೂರು ಲಕ್ಷ (ಗಾಳಿಗೆ ಹತ್ತು ಲಕ್ಷದ ಬದಲು ಸುಮಾರು 66,000ದಿಂದ ಗುಣಿಸಬೇಕು). ಹಾಗಾಗಿ ಕಣ್ಣಿಗೆ ಕಾಣುವ ಹೊಳೆ, ಮೈಗೆ ತಾಗುವ ಗಾಳಿ ಹೆಚ್ಚುಕಡಿಮೆ ಎಲ್ಲವೂ ಕ್ಷುಬ್ಧವೇ. ಮಲೆನಾಡಿನಲ್ಲಿ ಪದರ ಹರಿವು ಬೇಕಿದ್ದರೆ ಮಣ್ಣಿನೊಳಗೆ ಹುಡುಕಬೇಕು: ಜಂಬಿಟ್ಟಿಗೆ ನೆಲದ ಸಣ್ಣ ರಂಧ್ರಗಳಲ್ಲಿ ಜಿನುಗುವ ಅಂತರ್ಜಲ ಅಂಥದ್ದು.

ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಕಡಿಮೆ ಖರ್ಚಿನಲ್ಲಿ ಅಳೆಯಬಹುದೇ?

ನೀರು ಎಷ್ಟಿದೆ ಎನ್ನುವುದರ ಮೇಲೆ ದಾರಿ ಬೇರೆ.

ಸೆಕೆಂಡಿಗೆ ಎರಡು ಮೂರು ಲೀಟರ್ ಬರುವ ಒರತೆಗೆ ಬಕೆಟ್ ಮತ್ತು ಗಡಿಯಾರ ಸಾಕು. ಐದು ಸಲ ತುಂಬಿಸಿ ಸರಾಸರಿ ತೆಗೆಯಿರಿ.

ಐದರಿಂದ ಐವತ್ತು ಲೀಟರ್ ಇದ್ದರೆ 90 ಡಿಗ್ರಿಯ ವಿ ಆಕಾರದ ಕಚ್ಚು ಮಾಡಿದ ಹಲಗೆ ಒಳ್ಳೆಯದು. ಹಲಗೆಯನ್ನು ಹಳ್ಳಕ್ಕೆ ಅಡ್ಡಲಾಗಿ, ತೂಕಗುಂಡು ಬಿಟ್ಟು ನೇರವಾಗಿ ನಿಲ್ಲಿಸಿ, ಸಂದುಗಳಿಗೆ ಜೇಡಿಮಣ್ಣು ಮೆತ್ತಿ. ಕಚ್ಚಿನ ಕೆಳತುದಿಯಿಂದ ನೀರಿನ ಮಟ್ಟ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹಲಗೆಯ ಹತ್ತಿರ ಅಳೆಯಬೇಡಿ, ಅಲ್ಲಿ ನೀರು ಆಗಲೇ ಬಾಗಿ ಇಳಿಯುತ್ತಿರುತ್ತದೆ. ಆ ಎತ್ತರದ ಮೂರು ನಾಲ್ಕು ಪಟ್ಟು ಹಿಂದಕ್ಕೆ ಹೋಗಿ ಅಳೆಯಿರಿ. ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ಎರಡೂವರೆ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. 15 ಸೆಂ.ಮೀ. ಎತ್ತರಕ್ಕೆ 12 ಲೀಟರ್. ಹಲಗೆಯ ಆಚೆ ಬದಿ ನೀರು ಸ್ವತಂತ್ರವಾಗಿ ಧುಮುಕಬೇಕು. ಕೆಳಗಿನ ನೀರು ಏರಿ ಕಚ್ಚನ್ನು ಮುಟ್ಟಿದರೆ ಲೆಕ್ಕ ಸುಳ್ಳಾಗುತ್ತದೆ.

ಅದಕ್ಕಿಂತ ದೊಡ್ಡ ಹಳ್ಳಕ್ಕೆ ತೇಲು ಬಿಡುವ ರೂಢಿ ಇದೆ. ಕಿತ್ತಳೆ ಹಣ್ಣು ಅಥವಾ ಮುಕ್ಕಾಲು ನೀರು ತುಂಬಿದ ಬಾಟಲಿ ಬಿಟ್ಟು 10 ಮೀಟರ್ ದಾಟುವ ಹೊತ್ತನ್ನು ಹತ್ತು ಸಲವಾದರೂ ನೋಡಬೇಕು. ಒಣ ತೆಂಗಿನಕಾಯಿ ಬೇಡ, ಅದನ್ನು ಗಾಳಿ ತಳ್ಳುತ್ತದೆ. ಸರಾಸರಿ ವೇಗವನ್ನು ಹಳ್ಳದ ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗ ಬರುತ್ತದೆಂದು ಪುಸ್ತಕಗಳಲ್ಲಿ ಇರುತ್ತದೆ. ಅದು ನಯವಾದ ತಳದ, ಸಾಕಷ್ಟು ಆಳದ ಕಾಲುವೆಗೆ. ಬಂಡೆ ತುಂಬಿದ ಆಳವಿಲ್ಲದ ಮಲೆನಾಡಿನ ಹಳ್ಳದಲ್ಲಿ ತಳದ ಕಲ್ಲುಗಳು ಎಬ್ಬಿಸುವ ಸುಳಿ ಮೇಲ್ಮೈವರೆಗೂ ಬರುವುದರಿಂದ 0.65ರಿಂದ 0.7 ಹಿಡಿಯುವುದು ಸರಿ. ಈ ಒಂದು ಅಂಕಿಯಲ್ಲೇ ಶೇ. 20ರಷ್ಟು ತಪ್ಪು ನುಸುಳುವುದರಿಂದ ಬಂಡೆ ಹಳ್ಳಗಳಿಗೆ ಉಪ್ಪಿನ ವಿಧಾನವೇ ಮೇಲು.

ಕಿರು ವಿದ್ಯುತ್ ಲೆಕ್ಕ ಬೇಕಿದ್ದವರಿಗೆ: ಸೆಕೆಂಡಿಗೆ 10 ಲೀಟರ್, 20 ಮೀಟರ್ ಬೀಳು, ಯಂತ್ರದ ದಕ್ಷತೆ ಅರ್ಧ ಎಂದು ಹಿಡಿದರೆ ಸುಮಾರು 1 ಕಿಲೋವಾಟ್. ಹರಿವನ್ನು ಶ್ರಾವಣದಲ್ಲಿ ಅಳೆದು ಯಂತ್ರ ಕೊಳ್ಳಬೇಡಿ. ಯಂತ್ರ ಯಾವ ತಿಂಗಳವರೆಗೆ ತಿರುಗಬೇಕೋ ಆ ತಿಂಗಳ ಹರಿವು ಬೇಕು.

ಉಪ್ಪು ಸುರಿದು ಅಳೆಯುವುದು ಹೇಗೆ?

ಗೊತ್ತಿರುವಷ್ಟು ಉಪ್ಪನ್ನು ಒಮ್ಮೆಲೇ ಸುರಿದು, ಕೆಳಗೊಂದು ಕಡೆ ನೀರಿನ ವಿದ್ಯುತ್ ವಾಹಕತೆ ಏರಿ ಇಳಿಯುವುದನ್ನು ಬರೆದುಕೊಳ್ಳುವುದು. ಹೆಚ್ಚು ನೀರಿದ್ದರೆ ಉಪ್ಪು ಹೆಚ್ಚು ತೆಳುವಾಗುತ್ತದೆ, ಅಷ್ಟೇ ತತ್ವ. ಉಪ್ಪನ್ನು ನೀರಿಗೆಲ್ಲ ಬೆರೆಸುವ ಕೆಲಸ ಸುಳಿಗಳದ್ದು. ಮೀಟರ್ ಇಟ್ಟು ಅಳೆಯಲು ಆಗದ ಬಂಡೆ ಹಳ್ಳದಲ್ಲೇ ಈ ವಿಧಾನ ಚೆನ್ನಾಗಿ ನಡೆಯುವುದು ಅದಕ್ಕೇ. ಮಳೆ ತೊಳೆದು ತೊಳೆದು ನಮ್ಮ ಹಳ್ಳಗಳ ನೀರಿನಲ್ಲಿ ಲವಣ ಕಡಿಮೆ ಇರುವುದರಿಂದ ಸ್ವಲ್ಪ ಉಪ್ಪಿಗೂ ಮೀಟರ್ ಎದ್ದು ತೋರಿಸುತ್ತದೆ.

ಬೇಕಾದದ್ದು: ಪುಡಿ ಉಪ್ಪು, ಎರಡು ಬಕೆಟ್, ತಾಪಮಾನವನ್ನು ತಾನೇ ಸರಿಹೊಂದಿಸಿಕೊಳ್ಳುವ ವಾಹಕತೆ ಮೀಟರ್ (ಎರಡಿದ್ದರೆ ಇನ್ನೂ ಒಳ್ಳೆಯದು), ಗಡಿಯಾರ, ತಕ್ಕಡಿ. ಸೆಕೆಂಡಿಗೆ ಒಂದು ಘನ ಮೀಟರ್ ಹರಿವಿಗೆ ಸುಮಾರು 1 ಕೆ.ಜಿ. ಎಂಬ ಅಂದಾಜಿನಿಂದ ಶುರು ಮಾಡಿ. ಚಿಕ್ಕ ಹಳ್ಳಕ್ಕೆ ಇದರ ಎರಡು ಮೂರು ಪಟ್ಟು ಹಾಕಿದರೂ ಹೆಚ್ಚಾಗುವುದಿಲ್ಲ.

ಮೊದಲು ಜಾಗ. ಸುರಿಯುವ ಕಡೆ ಹಳ್ಳ ಇಕ್ಕಟ್ಟಾಗಿ ರಭಸವಾಗಿರಬೇಕು. ಮೀಟರ್ ಇಡುವ ಜಾಗ ಹಳ್ಳದ ಅಗಲದ 25 ಪಟ್ಟು ಕೆಳಗಿರಲಿ. 4 ಮೀಟರ್ ಅಗಲಕ್ಕೆ 100 ಮೀಟರ್. ನಡುವೆ ಬೇರೆ ಹಳ್ಳ ಸೇರಬಾರದು, ದೊಡ್ಡ ಗುಂಡಿ ಇರಬಾರದು. ಗುಂಡಿ ಉಪ್ಪನ್ನು ಹಿಡಿದಿಟ್ಟುಕೊಂಡು ಅರ್ಧ ಗಂಟೆ ನಿಧಾನವಾಗಿ ಬಿಡುತ್ತಿರುತ್ತದೆ, ಅಳೆಯುವವರು ಬೇಸತ್ತು ಮೊದಲೇ ನಿಲ್ಲಿಸಿಬಿಡುತ್ತಾರೆ, ಲೆಕ್ಕದಲ್ಲಿ ಹರಿವು ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ.

ಉಪ್ಪನ್ನು ಹಳ್ಳದ ನೀರಿನಲ್ಲೇ, ಕೆ.ಜಿ.ಗೆ 8–10 ಲೀಟರಿನಂತೆ, ತಳದಲ್ಲಿ ಒಂದು ಕಾಳೂ ಉಳಿಯದ ಹಾಗೆ ಕರಗಿಸಿ. ಮಳೆಗಾಲದಲ್ಲಿ ಒಡೆದಿಟ್ಟ ಪ್ಯಾಕೆಟ್ ಉಪಯೋಗಿಸಬೇಡಿ. ಉಪ್ಪು ತೇವ ಹೀರಿಕೊಂಡಿರುತ್ತದೆ, ತಕ್ಕಡಿ ನೀರನ್ನೂ ಸೇರಿಸಿ ತೂಗುತ್ತದೆ. ಮೀಟರಿನಲ್ಲಿ ಮೊದಲ ಐದು ನಿಮಿಷ ಮೂಲ ಓದು ಬರೆದುಕೊಂಡು, ಆಮೇಲೆ ಹಳ್ಳದ ನಡುವಿಗೆ ಒಮ್ಮೆಲೇ ಸುರಿಯಿರಿ, ಬಕೆಟನ್ನೂ ಅಲ್ಲೇ ಜಾಲಿಸಿ. ಐದು ಸೆಕೆಂಡಿಗೊಮ್ಮೆ ಓದುತ್ತಾ, ಮೂಲ ಓದಿಗೆ ಮರಳುವವರೆಗೂ ಬಿಡದೆ ಬರೆಯಿರಿ.

ಲೆಕ್ಕ: ಪ್ರತಿ ಓದಿನಿಂದ ಮೂಲ ಓದನ್ನು ಕಳೆದು ಎಲ್ಲವನ್ನೂ ಕೂಡಿಸಿ, 5 ಸೆಕೆಂಡಿನಿಂದ ಗುಣಿಸಿ. ಏರಿಕೆಗಳ ಮೊತ್ತ 1,200 ಮೈಕ್ರೊಸೀಮೆನ್ಸ್ ಪ್ರತಿ ಸೆಂ.ಮೀ. (ವಾಹಕತೆಯ ಏಕಮಾನ) ಬಂದಿತು ಅನ್ನಿ; 5ರಿಂದ ಗುಣಿಸಿದರೆ 6,000. ಅಡುಗೆ ಉಪ್ಪಿಗೆ ಒಂದು ಮೈಕ್ರೊಸೀಮೆನ್ಸ್ ಏರಿಕೆ ಎಂದರೆ ಲೀಟರಿಗೆ ಸುಮಾರು 0.48 ಮಿ.ಗ್ರಾಂ. ಹಾಗಾಗಿ 2,880 ಮಿ.ಗ್ರಾಂ, ಅಂದರೆ ಲೀಟರಿಗೆ 2.88 ಗ್ರಾಂ-ಸೆಕೆಂಡ್. ಹಾಕಿದ್ದು 1,000 ಗ್ರಾಂ. ಭಾಗಿಸಿದರೆ ಸೆಕೆಂಡಿಗೆ 347 ಲೀಟರ್. ಆ 0.48 ಅನ್ನು ನಂಬಿ ಕೂರುವುದಕ್ಕಿಂತ ದಡದಲ್ಲೇ ಪರೀಕ್ಷಿಸುವುದು ಒಳ್ಳೆಯದು: ಒಂದು ಗ್ರಾಂ ಉಪ್ಪನ್ನು ಒಂದು ಲೀಟರಿನಲ್ಲಿ ಕರಗಿಸಿ, ಅದರ 10 ಮಿ.ಲೀ. ಅನ್ನು ಒಂದು ಲೀಟರ್ ಹಳ್ಳದ ನೀರಿಗೆ ಸೇರಿಸಿದರೆ ಮೀಟರ್ 20–21ರಷ್ಟು ಏರಬೇಕು.

ಎರಡನೇ ಮೀಟರನ್ನು ಎದುರು ದಡದ ಹತ್ತಿರ ಇಡಿ. ಎರಡರ ಏರಿಳಿತದ ಆಕಾರ ಬೇರೆಯಾಗಿರಬಹುದು, ಮೊತ್ತ ಮಾತ್ರ ಒಂದೇ ಇರಬೇಕು. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಉಪ್ಪು ಇನ್ನೂ ಪೂರ್ತಿ ಬೆರೆತಿಲ್ಲ. ಮೀಟರನ್ನು ಇನ್ನೂ ಕೆಳಕ್ಕೆ ಒಯ್ಯಿರಿ. ಮೀಟರಿನ ತುದಿಯನ್ನು ನೊರೆಯಲ್ಲಿ ಇಡಬೇಡಿ, ಗುಳ್ಳೆ ತಾಗಿದಾಗಲೆಲ್ಲ ಓದು ಕುಸಿಯುತ್ತದೆ.

ಅಷ್ಟು ಉಪ್ಪಿನಿಂದ ಮೀನಿಗೆ, ಕುಡಿಯುವ ನೀರಿಗೆ ತೊಂದರೆ ಇಲ್ಲವೇ?

ಮೇಲಿನ ಉದಾಹರಣೆಯಲ್ಲಿ ಏರಿಕೆ ತುದಿಯಲ್ಲಿ 30 ಮೈಕ್ರೊಸೀಮೆನ್ಸ್ ಇದ್ದರೆ ಉಪ್ಪು ಲೀಟರಿಗೆ 15 ಮಿ.ಗ್ರಾಂ.ಗಿಂತ ಕಡಿಮೆ, ಅದೂ ಕೆಲವೇ ನಿಮಿಷ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಕ್ಲೋರೈಡಿನ ಸ್ವೀಕಾರಾರ್ಹ ಮಿತಿಯೇ 250 ಮಿ.ಗ್ರಾಂ. ಆದರೆ ಸುರಿಯುವ ಜಾಗದಲ್ಲಿ ನೀರು ಗಟ್ಟಿ ಉಪ್ಪುನೀರೇ. ಆದ್ದರಿಂದ ಮೀನು ಮರಿಗಳಿರುವ ನಿಂತ ಗುಂಡಿಗೆ ಸುರಿಯಬೇಡಿ. ದೇವರ ಮೀನುಗಳೆಂದು ಊರವರು ಕಾಪಾಡಿಕೊಂಡು ಬಂದ ಮಡುಗಳ ಹತ್ತಿರ ಹೋಗಲೇಬೇಡಿ.

ವೇಗದ ಮೀಟರನ್ನು ಯಾವ ಆಳದಲ್ಲಿ, ಎಷ್ಟು ಹೊತ್ತು ಹಿಡಿಯಬೇಕು?

ಆಳ 75 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ ಒಂದು ಓದು. ಅದಕ್ಕಿಂತ ಆಳವಿದ್ದರೆ 0.2 ಮತ್ತು 0.8 ಭಾಗದಲ್ಲಿ ಎರಡು ಓದು, ಅವುಗಳ ಸರಾಸರಿ. ತಳದಿಂದ ಮೇಲಕ್ಕೆ ವೇಗ ಲಾಗರಿದಂ ನಿಯಮದಂತೆ (ತಳದ ಹತ್ತಿರ ಬೇಗ, ಮೇಲೆ ಹೋದಂತೆ ನಿಧಾನವಾಗಿ) ಏರುವ ಕಡೆ ಮಾತ್ರ ಇದು ಸರಿ. ಬಂಡೆಯ ಹಿಂದೆ ಆ ನಿಯಮ ಇರುವುದಿಲ್ಲ, ಅಲ್ಲಿ ನೀರು ಹಿಂದಕ್ಕೂ ಹರಿಯುತ್ತದೆ. ಹಾಗಾಗಿ ಬಂಡೆ ಕಡಿಮೆ ಇರುವ ನೇರ ಜಾಗ ಹುಡುಕುವುದರಲ್ಲಿ ಕಳೆದ ಅರ್ಧ ಗಂಟೆ ವ್ಯರ್ಥವಲ್ಲ.

ಹೊತ್ತಿನ ವಿಷಯ ಇನ್ನೂ ಮುಖ್ಯ. ಹತ್ತು ಸೆಕೆಂಡ್ ಹಿಡಿದು ಬರೆದುಕೊಂಡು ಮುಂದೆ ಹೋಗುವುದನ್ನು ಬಹಳ ಕಡೆ ಕಾಣುತ್ತೇವೆ. ಆ ಹತ್ತು ಸೆಕೆಂಡಿನಲ್ಲಿ ನಿಮ್ಮ ಮೀಟರಿನ ಮುಂದೆ ಹಾದುಹೋದದ್ದು ನಾಲ್ಕೈದು ದೊಡ್ಡ ಸುಳಿಗಳು, ಅಷ್ಟೇ. ವೇಗದ ಏರಿಳಿತ ಶೇ. 20, ಒಂದು ಸುಳಿಯ ಪ್ರಭಾವ 2 ಸೆಕೆಂಡ್ ಉಳಿಯುತ್ತದೆ ಎಂದು ಹಿಡಿದರೆ, 10 ಸೆಕೆಂಡಿನ ಸರಾಸರಿಯಲ್ಲಿ ಶೇ. 12–13ರಷ್ಟು ದೋಷ, 1 ನಿಮಿಷಕ್ಕೆ ಶೇ. 5, 5 ನಿಮಿಷಕ್ಕೆ ಶೇ. 2ರ ಚಿಲ್ಲರೆ. ಹೊತ್ತು ನಾಲ್ಕು ಪಟ್ಟಾದರೆ ದೋಷ ಅರ್ಧ ಇಳಿಯುತ್ತದೆ. ಹರಿವು ಮಾತ್ರ ಬೇಕಿದ್ದರೆ ಪ್ರತಿ ಬಿಂದುವಿಗೆ ಕನಿಷ್ಠ 40 ಸೆಕೆಂಡ್. ಏರಿಳಿತವನ್ನೇ ಅಧ್ಯಯನ ಮಾಡುವುದಿದ್ದರೆ ಐದರಿಂದ ಹತ್ತು ನಿಮಿಷ. ದುಬಾರಿ ಮೀಟರ್ ಕೊಂಡು ಹತ್ತು ಸೆಕೆಂಡ್ ಹಿಡಿಯುವುದಕ್ಕಿಂತ ಹಳೆಯ ಮೀಟರನ್ನು ಎರಡು ನಿಮಿಷ ಹಿಡಿಯುವುದು ಲೇಸು.

ಡಾಪ್ಲರ್ ವೇಗಮಾಪಕದ ದತ್ತಾಂಶದಲ್ಲಿ ಮುಳ್ಳಿನಂಥ ಓದುಗಳು ಏಕೆ ಬರುತ್ತವೆ?

ಈ ಉಪಕರಣ ಶಬ್ದ ಕಳಿಸಿ, ನೀರಿನ ಕಣಗಳಿಂದ ಮರಳುವ ಪ್ರತಿಧ್ವನಿಯಿಂದ ಮೂರು ದಿಕ್ಕಿನ ವೇಗ ಅಳೆಯುತ್ತದೆ, ಸೆಕೆಂಡಿಗೆ 25ರಿಂದ 200 ಸಲ. ಅಳೆಯುವುದು ತುದಿಯಿಂದ ಐದಾರು ಸೆಂ.ಮೀ. ಮುಂದಿರುವ ಚಿಕ್ಕ ಜಾಗವನ್ನು. ಮುಳ್ಳುಗಳಿಗೆ ಕಾರಣ ಸಾಮಾನ್ಯವಾಗಿ ಗುಳ್ಳೆ, ಇಲ್ಲವೇ ತಳದಿಂದ ಮರಳಿದ ಪ್ರತಿಧ್ವನಿ ಮುಂದಿನ ಶಬ್ದದ ಜೊತೆ ಬೆರೆಯುವುದು, ಇಲ್ಲವೇ ವೇಗದ ವ್ಯಾಪ್ತಿಯನ್ನು ತೀರಾ ಕಡಿಮೆ ಇಟ್ಟಿರುವುದು. ಬೇಸಿಗೆಯಲ್ಲಿ ಹಳ್ಳದ ನೀರು ತೀರಾ ತಿಳಿಯಾಗಿ ಕಣಗಳೇ ಇಲ್ಲದಿದ್ದರೆ ಪ್ರತಿಧ್ವನಿ ಕ್ಷೀಣ. ಮೇಲ್ಗಡೆ ತಳದ ಮಣ್ಣನ್ನು ಸ್ವಲ್ಪ ಕಲಕಿದರೆ ಸರಿಹೋಗುತ್ತದೆ. ಸಹಸಂಬಂಧ (ಒಂದರ ಹಿಂದೊಂದು ಮರಳುವ ಪ್ರತಿಧ್ವನಿಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) ಶೇ. 70ಕ್ಕಿಂತ, ಗದ್ದಲಕ್ಕೆ ಹೋಲಿಸಿದ ಸಂಕೇತದ ಬಲ 15 ಡೆಸಿಬೆಲ್‌ಗಿಂತ ಕೆಳಗಿರುವ ಓದುಗಳನ್ನು ಬಿಟ್ಟುಬಿಡುವುದು ರೂಢಿ. ಜೋರು ಸುಳಿ ಇರುವಲ್ಲಿ ಸಹಸಂಬಂಧ ತಾನಾಗಿಯೇ ಇಳಿಯುತ್ತದೆ, ಕಣ್ಣುಮುಚ್ಚಿ ಕತ್ತರಿಸಿದರೆ ಅಳೆಯಲು ಹೋದ ಸುಳಿಯನ್ನೇ ಎಸೆದ ಹಾಗಾಗುತ್ತದೆ. ಕತ್ತರಿಸುವ ಮುಂಚೆ ಕಾಲಶ್ರೇಣಿಯನ್ನು ಕಣ್ಣಾರೆ ನೋಡಿ.

ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿದ ಮೇಲೂ ಎರಡು ಬಣ್ಣದ ನೀರು ಅಕ್ಕಪಕ್ಕ ಹರಿಯುವುದು ಏಕೆ?

ಎರಡೂ ಗಂಗಾಮೂಲದಲ್ಲೇ ಹುಟ್ಟಿದರೂ ಬರುವ ದಾರಿ ಬೇರೆ. ಭದ್ರೆಯ ನೀರು ಲಕ್ಕವಳ್ಳಿಯ ದೊಡ್ಡ ಜಲಾಶಯದಲ್ಲಿ ನಿಂತು ಬರುತ್ತದೆ. ಅಲ್ಲಿ ಸುಳಿಗಳು ಸತ್ತು, ಹೊತ್ತು ತಂದ ಮಣ್ಣು ಬಹುಪಾಲು ತಳ ಸೇರುತ್ತದೆ. ತುಂಗೆಗೆ ಗಾಜನೂರಿನಲ್ಲಿ ಅಣೆಕಟ್ಟು ಇದ್ದರೂ ಅದು ಭದ್ರಾ ಜಲಾಶಯದ ಮುಂದೆ ಬಹಳ ಚಿಕ್ಕದು. ಮಳೆಗಾಲದಲ್ಲಿ ಶೃಂಗೇರಿ, ತೀರ್ಥಹಳ್ಳಿ ಕಡೆಯ ಕೆಂಪು ನೀರು ಹೆಚ್ಚು ನಿಲ್ಲದೆ ಬಂದುಬಿಡುತ್ತದೆ.

ಸೇರಿದ ಮೇಲೆ ಬೆರೆಯುವುದು ನಿಧಾನ, ಏಕೆಂದರೆ ಅಡ್ಡಕ್ಕೆ ಬೆರೆಸುವ ಸುಳಿಯ ಗಾತ್ರ ನೀರಿನ ಆಳಕ್ಕೆ ಕಟ್ಟುಬಿದ್ದಿದೆ, ಬೆರೆಯಬೇಕಾದ ದೂರವೋ ನದಿಯ ಅಗಲ. 60 ಮೀಟರ್ ಅಗಲ, 1.5 ಮೀಟರ್ ಆಳ, ಸಾವಿರಕ್ಕೆ 0.4 ಇಳಿಜಾರು, ಸೆಕೆಂಡಿಗೆ 0.6 ಮೀಟರ್ ವೇಗದ ಹೊಳೆ ತೆಗೆದುಕೊಳ್ಳಿ. ಮೇಲಿಂದ ತಳದವರೆಗೆ ಬೆರೆಯಲು 70 ಮೀಟರ್ ಸಾಕು. ಒಂದು ದಡದಿಂದ ಇನ್ನೊಂದಕ್ಕೆ ಬೆರೆಯಲು 12 ಕಿಲೋಮೀಟರಿಗೂ ಹೆಚ್ಚು ಬೇಕು! ಅಗಲ ಎರಡು ಪಟ್ಟಾದರೆ ಆ ದೂರ ನಾಲ್ಕು ಪಟ್ಟು.

ಎರಡು ನೀರಿನ ಗಡಿಯಲ್ಲಿ ವೇಗ ಬೇರೆ ಬೇರೆ ಇದ್ದರೆ ಅಲ್ಲಿ ಬುಗುರಿಯಂತೆ ನಿಂತು ತಿರುಗುವ ಸುಳಿಗಳ ಸಾಲು ಹುಟ್ಟುತ್ತದೆ, ಸೇತುವೆ ಅಥವಾ ಎತ್ತರದ ದಡದಿಂದ ಅವು ಕಾಣುತ್ತವೆ. ಮಣ್ಣು ತುಂಬಿದ ನೀರು, ತಣ್ಣನೆಯ ನೀರು ಸ್ವಲ್ಪ ಭಾರ. ಲೀಟರಿಗೆ ಒಂದು ಗ್ರಾಂ ಮಣ್ಣು ಇರುವುದು, ನೀರು ಎರಡು ಮೂರು ಡಿಗ್ರಿ ತಣ್ಣಗಿರುವುದು, ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ. ಭಾರದ ನೀರು ಹಗುರದ ನೀರಿನ ಕೆಳಗೆ ನುಸುಳಿದರೆ ಮೇಲೆ ಬಣ್ಣ ಬೇಗ ಮಾಯವಾಗುತ್ತದೆ, ಬೆರೆತು ಮಾತ್ರ ಇರುವುದಿಲ್ಲ. ಬಣ್ಣ ನೋಡಿ ತೀರ್ಮಾನಿಸದೆ ತಳದ ಹತ್ತಿರವೂ ವಾಹಕತೆ, ತಾಪಮಾನ ಅಳೆಯಿರಿ.

ಚರಂಡಿ ನೀರು ಹೊಳೆ ಸೇರುವ ಕಡೆ ಮಾದರಿ ಎಲ್ಲಿ ತೆಗೆಯಬೇಕು?

ಮೇಲಿನ ಲೆಕ್ಕವೇ ಉತ್ತರ. ಊರಿನ ಚರಂಡಿ ದಡದಲ್ಲಿ ಸೇರಿದರೆ ಕಿಲೋಮೀಟರುಗಟ್ಟಲೆ ಅದೇ ದಡ ಹಿಡಿದು ಹೋಗುತ್ತದೆ. ಎದುರು ದಡದಲ್ಲಿ ಒಂದು ಬಾಟಲಿ ತುಂಬಿ ‘ಹೊಳೆ ಶುದ್ಧವಾಗಿದೆ’ ಎನ್ನುವುದೂ ತಪ್ಪು, ಚರಂಡಿ ಬಾಯಿಯಲ್ಲಿ ತುಂಬಿ ‘ಹೊಳೆಯೆಲ್ಲ ಹೀಗೇ’ ಎನ್ನುವುದೂ ತಪ್ಪು. ಚರಂಡಿಯ ಮೇಲ್ಗಡೆ ಒಂದು ಸಾಲು, ಕೆಳಗಡೆ 100 ಮೀಟರ್, 500 ಮೀಟರ್, 2 ಕಿಲೋಮೀಟರಿನಲ್ಲಿ ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ಅಗಲಕ್ಕೆ ಕನಿಷ್ಠ ಮೂರು ಬಿಂದು. ದುಡ್ಡು ಕಡಿಮೆ ಇದ್ದರೆ ಮೊದಲು ವಾಹಕತೆ ಮೀಟರಿನಿಂದ ಅಡ್ಡಕ್ಕೆ ಓದುತ್ತಾ ಹೋಗಿ, ಎದ್ದು ಕಾಣುವ ಕಡೆ ಮಾತ್ರ ಪ್ರಯೋಗಾಲಯದ ಮಾದರಿ ತುಂಬಿಕೊಳ್ಳಿ. ಮಾದರಿಯ ಜೊತೆ ದಡದಿಂದ ದೂರ, ಆಳ, ಹೊತ್ತು ಬರೆಯದಿದ್ದರೆ ಆ ವರದಿಯಿಂದ ಯಾರಿಗೂ ಉಪಯೋಗವಿಲ್ಲ.

ಅಡಿಕೆಗೆ ಕೊಳೆರೋಗದ ಮದ್ದು ಬೋರ್ಡೋ ಹೊಡೆಯುವಾಗ ದ್ರಾವಣ ಪಕ್ಕದ ತೋಟಕ್ಕೆ, ಬಾವಿಗೆ ಹಾರುವುದನ್ನು ತಡೆಯಬಹುದೇ?

ಪೂರ್ತಿ ತಡೆಯಲಾಗದು, ಬಹಳಷ್ಟು ತಗ್ಗಿಸಬಹುದು. ಎಲ್ಲವೂ ಹನಿಯ ಗಾತ್ರದ ಮೇಲಿದೆ. ಮಿಲಿಮೀಟರಿನ ಹತ್ತನೇ ಒಂದರಷ್ಟು ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 27 ಸೆಂ.ಮೀ. ಇಳಿಯುತ್ತದೆ. 12 ಮೀಟರ್ ಎತ್ತರದ ಅಡಿಕೆ ಕೊನೆಯಿಂದ (ಗೊನೆಯಿಂದ) ನೆಲಕ್ಕೆ ಬರಲು 45 ಸೆಕೆಂಡ್ ಬೇಕು, ಅಷ್ಟರಲ್ಲಿ ಸೆಕೆಂಡಿಗೆ 2 ಮೀಟರಿನ ಗಾಳಿ ಅದನ್ನು 90 ಮೀಟರ್ ಒಯ್ದಿರುತ್ತದೆ. ಅದರ ಮೂರು ಪಟ್ಟು ದಪ್ಪದ ಹನಿ 10 ಸೆಕೆಂಡಿನಲ್ಲಿ ಇಳಿಯುತ್ತದೆ, 20 ಮೀಟರ್ ಸಾಗುತ್ತದೆ. ಮೊದಲ ಹನಿಯ ಐದನೇ ಒಂದು ಭಾಗದ ಮಂಜಿನ ಹನಿ ಇಳಿಯಲು ಕಾಲು ಗಂಟೆ ದಾಟುತ್ತದೆ.

ಇದು ಗಾಳಿ ನೇರ ಬೀಸುತ್ತದೆ ಎಂಬ ಲೆಕ್ಕ. ತೋಟದ ನೆತ್ತಿಯಲ್ಲಿ ಗಾಳಿ ಹಾಗೆ ಬೀಸುವುದಿಲ್ಲ. ಮೇಲೆ ಗಾಳಿ ಜೋರು, ಹೆಡೆಗಳ (ಸೋಗೆಗಳ) ಕೆಳಗೆ ಗಾಳಿ ಮಂದ. ಆ ಎರಡರ ನಡುವೆ, ಕೊನೆಗಳಿರುವ ಮಟ್ಟದ ಹತ್ತಿರವೇ, ದೊಡ್ಡ ಸುಳಿಗಳು ಉರುಳುತ್ತಾ ಹೋಗುತ್ತವೆ. ರಭಸದ ಗಾಳಿ ತೋಟದೊಳಕ್ಕೆ ನುಗ್ಗುವುದು, ಒಳಗಿನ ಗಾಳಿ ಮೇಲಕ್ಕೆ ಚಿಮ್ಮುವುದು, ಎರಡೂ ಬಿಟ್ಟುಬಿಟ್ಟು ನಡೆಯುತ್ತವೆ. ಮೇಲಕ್ಕೆ ಚಿಮ್ಮುವ ವೇಗ ಸೆಕೆಂಡಿಗೆ 30 ಸೆಂ.ಮೀ. ಇದ್ದರೂ ಸಣ್ಣ ಹನಿ ಇಳಿಯುವ ಬದಲು ಏರುತ್ತದೆ.

ಪಂಪಿನ ಒತ್ತಡ ಏರಿಸಿದಷ್ಟೂ ಹನಿ ಸಣ್ಣದಾಗುತ್ತದೆ. ಕೊನೆ ಮುಟ್ಟಲು ಬೇಕಾದಷ್ಟೇ ಒತ್ತಡ ಇಡಿ. ಸಿಂಪಡಿಸುವ ತುದಿಯ (ನಾಜಲ್‌ನ) ರಂಧ್ರ ಸವೆದಿದ್ದರೆ ಹನಿಗಳ ಗಾತ್ರ ಹದ ತಪ್ಪುತ್ತದೆ, ಹೊಸದು ಹಾಕಿ. ತೀರಾ ದಪ್ಪ ಹನಿಯೂ ಬೇಡ, ಕಾಯಿಯ ಮೇಲೆ ನಿಲ್ಲದೆ ಹರಿದು ಹೋಗುತ್ತದೆ. ನೆಲದಿಂದ ಜೋರಾಗಿ ಚಿಮ್ಮಿಸುವುದಕ್ಕಿಂತ ಕೊನೆಯ ಹತ್ತಿರಕ್ಕೇ ಹೋಗಿ ಹೊಡೆದರೆ, ಮರ ಹತ್ತಿಯೋ ದೋಟಿಯ ತುದಿಯಲ್ಲೋ, ಹಾರುವುದು ಬಹಳ ಕಡಿಮೆ. ಎಲೆ ಮೆಲ್ಲಗೆ ಅಲ್ಲಾಡುವಷ್ಟು ಗಾಳಿ, ಗಂಟೆಗೆ 3ರಿಂದ 10 ಕಿಲೋಮೀಟರ್, ಒಳ್ಳೆಯದು. ಗಾಳಿಯೇ ಇಲ್ಲದ ಮಂಜಿನ ಬೆಳಗು ಸುರಕ್ಷಿತ ಎಂದು ತೋರಿದರೂ ಹಾಗಲ್ಲ, ಆಗ ಸಣ್ಣ ಹನಿಗಳು ಕೆಳಗಿಳಿಯದೆ, ಮೇಲಕ್ಕೂ ಚದುರದೆ, ಕಣಿವೆಯ ಇಳಿಜಾರು ಹಿಡಿದು ಒಟ್ಟಾಗಿ ಜಾರುತ್ತವೆ. ಬಾವಿಯ ಬಾಯಿಗೆ ಹೊದಿಕೆ ಹಾಕಿ, ಬಾವಿಯ ಬದಿಯ ಎರಡು ಸಾಲನ್ನು ಗಾಳಿ ಆಚೆ ದಿಕ್ಕಿಗೆ ತಿರುಗಿದಾಗ ಮುಗಿಸಿ. ಕೊಳೆರೋಗದ ಮದ್ದಿಗೆ ಆರಿದ್ರಾ, ಪುನರ್ವಸು ಮಳೆಯ ನಡುವೆ ಸಿಗುವ ಬಿಡುವೇ ಕಡಿಮೆ ಎಂಬುದು ನಿಜ. ಅದಕ್ಕೇ ಒತ್ತಡ ಮತ್ತು ತುದಿಯ ಕಡೆ ಮೊದಲು ಗಮನ ಕೊಡಿ, ಅವು ನಿಮ್ಮ ಕೈಯಲ್ಲಿವೆ.

ಚಳಿಗಾಲದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ ಕಣಿವೆಯಲ್ಲೇ ಹಾಸಿ ಮಲಗುವುದು ಏಕೆ?

ರಾತ್ರಿ ನೆಲ ತಣಿದು ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ, ಭಾರವಾಗಿ ಗುಡ್ಡದಿಂದ ಜಾರಿ ಕಣಿವೆ ತುಂಬುತ್ತದೆ. ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು. ಸುಳಿಯೊಂದು ತಣ್ಣನೆಯ ಗಾಳಿಯನ್ನು ಮೇಲಕ್ಕೆತ್ತಲು ಹೋದರೆ ಭಾರ ಅದನ್ನು ಕೆಳಕ್ಕೆಳೆಯುತ್ತದೆ, ಸುಳಿ ಸಾಯುತ್ತದೆ. ಬೆರೆಸುವವರೇ ಇಲ್ಲದ ಮೇಲೆ ಹೊಗೆ ಎದ್ದಷ್ಟು ಎದ್ದು ಅಲ್ಲೇ ಅಡ್ಡಕ್ಕೆ ಹರಡುತ್ತದೆ. ಬಿಸಿಲು ನೆಲ ಕಾಯಿಸಿದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ, ಸುಳಿಗಳು ಮತ್ತೆ ಎದ್ದು ಹೊಗೆ ಒಡೆಯುತ್ತದೆ. ಹಸಿ ಕಟ್ಟಿಗೆ ಒಲೆಗಿಡುವುದು ತಪ್ಪಿಸಲಾಗದಿದ್ದರೆ ಬೆಳಗಿನ ಜಾವ ಬೇಡ, ಮಧ್ಯಾಹ್ನ ಇಡಿ.

ಒಡ್ಡು, ಕಿಂಡಿ ಅಣೆಕಟ್ಟಿನ ಕೆಳಗೆ ಈಜು ಬಲ್ಲವರೂ ಮುಳುಗುವುದು ಏಕೆ?

ಒಡ್ಡಿನ ಮೇಲಿಂದ ಧುಮುಕಿದ ನೀರು ತೆಳ್ಳಗೆ, ರಭಸವಾಗಿ ತಳ ಸೇರಿ, ಒಮ್ಮೆಲೇ ದಪ್ಪವಾಗಿ ಏಳುತ್ತದೆ. ಇದಕ್ಕೆ ಜಲ ಜಿಗಿತ ಎನ್ನುತ್ತಾರೆ. ಬುಡದಲ್ಲಿ ನೀರು 20 ಸೆಂ.ಮೀ. ದಪ್ಪ, ಸೆಕೆಂಡಿಗೆ 5 ಮೀಟರ್ ವೇಗ ಇದ್ದರೆ ಜಿಗಿದ ಮೇಲಿನ ಆಳ ಸುಮಾರು 90 ಸೆಂ.ಮೀ. ಆಗಬೇಕು. ಕೆಳಗಿನ ಹೊಳೆಯ ಮಟ್ಟ ಅದಕ್ಕಿಂತ ಹೆಚ್ಚಾದರೆ ಜಿಗಿತ ಒಡ್ಡಿನ ಗೋಡೆಗೇ ಒತ್ತರಿಸಿ ಮುಳುಗುತ್ತದೆ. ಆಗ ತಳದಲ್ಲಿ ನೀರು ಮುಂದಕ್ಕೆ, ಮೇಲ್ಮೈಯಲ್ಲಿ ನೀರು ಹಿಂದಕ್ಕೆ, ಗೋಡೆಯತ್ತ ಹರಿಯುತ್ತದೆ. ಮೇಲೆ ಈಜುವವರು ಎಷ್ಟು ಕೈಬೀಸಿದರೂ ಧುಮುಕುವ ನೀರಿನ ಕೆಳಗೇ ಬರುತ್ತಾರೆ, ಮತ್ತೆ ತಳಕ್ಕೆ ಹೋಗುತ್ತಾರೆ. ನೊರೆಯಲ್ಲಿ ಮೂರನೇ ಒಂದು ಪಾಲು ಗಾಳಿ ಇದ್ದರೆ ತೇಲಿಸುವ ಬಲವೂ ಮೂರನೇ ಒಂದು ಪಾಲು ಕಡಿಮೆ.

ಬೇಸಿಗೆಯಲ್ಲಿ ಇದೇ ಜಾಗ ಮಕ್ಕಳು ಆಡುವ ಜಾಗವಾಗಿರುತ್ತದೆ. ಮಳೆಗಾಲದಲ್ಲಿ ಬೀಳು ಚಿಕ್ಕದಾಗಿ, ನೀರು ನಯವಾಗಿ ಕಾಣುವ ದಿನಗಳೇ ಹೆಚ್ಚು ಅಪಾಯ. ಗುರುತು: ಒಡ್ಡಿನಿಂದ ಸ್ವಲ್ಪ ಕೆಳಗೆ ನೀರು ಕುದಿಯುವಂತೆ ಉಬ್ಬುವ ಗೆರೆ, ಅದರ ಈಚೆ ತೇಲುವ ಕಸ ಗೋಡೆಯ ಕಡೆಗೇ ಮರಳುವುದು. ಆ ಗೆರೆಯ ಒಳಗೆ ಯಾರಾದರೂ ಸಿಲುಕಿದರೆ ಇಳಿಯಬೇಡಿ; ದಡದಿಂದ ಹಗ್ಗ, ಗಾಳಿ ತುಂಬಿದ ಟ್ಯೂಬ್ ಎಸೆಯಿರಿ. ಹೊಸ ಒಡ್ಡು ಕಟ್ಟುವವರು ಕೆಳಮುಖವನ್ನು ನೇರ ಗೋಡೆಯಾಗಿ ಬಿಡದೆ ಕಲ್ಲು ಪೇರಿಸಿ ಮೆಟ್ಟಿಲಿನಂತೆ ಇಳಿಸಿದರೆ ಈ ಹಿಮ್ಮುಖ ಸುಳಿ ಬಹುಮಟ್ಟಿಗೆ ಒಡೆಯುತ್ತದೆ.

ಅಳತೆಗೆ ಇಳಿಯುವವರಿಗೂ ಒಂದು ಮಿತಿ: ಆಳ (ಮೀಟರ್) ಗುಣಿಸು ವೇಗ (ಮೀಟರ್ ಪ್ರತಿ ಸೆಕೆಂಡ್) 0.6 ದಾಟಿದರೆ ಇಳಿಯಬಾರದು. ತೊಡೆ ಮಟ್ಟದ ನೀರು ಸೆಕೆಂಡಿಗೆ 2 ಮೀಟರಿನಂತೆ ಹರಿದರೆ ಕಾಲುಗಳ ಮೇಲೆ ಬೀಳುವ ನೂಕು ಸುಮಾರು 40 ಕೆ.ಜಿ. ತೂಕದಷ್ಟು.

ಜೋಗದಲ್ಲಿ ನೀರು ಯಾವ ವೇಗದಲ್ಲಿ ಬೀಳುತ್ತದೆ?

253 ಮೀಟರನ್ನು ಗಾಳಿಯ ತಡೆ ಇಲ್ಲದೆ ಬಿದ್ದರೆ 7 ಸೆಕೆಂಡ್ ಚಿಲ್ಲರೆ ಬೇಕು, ತಳದಲ್ಲಿ ಸೆಕೆಂಡಿಗೆ 70 ಮೀಟರ್. ನಿಜದಲ್ಲಿ ಅಷ್ಟು ವೇಗ ಬರುವುದಿಲ್ಲ. ನೀರಿನ ಕಂಬದ ಹೊರಮೈಯನ್ನು ಗಾಳಿ ಹರಿದು ಹನಿ ಮಾಡುತ್ತದೆ. ಒಂಟಿ ಹನಿ ಎಷ್ಟೇ ದಪ್ಪವಿದ್ದರೂ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ವೇಗವಾಗಿ ಬೀಳದು. ಹನಿಗಳ ಗುಂಪು ಗಾಳಿಯನ್ನೂ ಜೊತೆಗೆ ಕೆಳಕ್ಕೆಳೆಯುವುದರಿಂದ ವೇಗ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಹಾಗೆ ಎಳೆದ ಗಾಳಿಯೇ ಬುಡದಲ್ಲಿ ತಿರುಗಿ ಮಂಜಾಗಿ ಮೇಲೇಳುವುದು.

ಹಳ್ಳದ ಚಿಕ್ಕ ಮಾದರಿ ಮಾಡಿ ಕಾಲೇಜಿನಲ್ಲೇ ಪ್ರಯೋಗ ಮಾಡಬಹುದೇ? ಕಂಪ್ಯೂಟರಿನಲ್ಲಿ ಮಾಡಿದರೆ ಸಾಲದೇ?

1:25 ಮಾದರಿ ಮಾಡಿದರೆ ವೇಗ ಐದನೇ ಒಂದು, ಹರಿವು 3,125ನೇ ಒಂದು. ಸೆಕೆಂಡಿಗೆ 100 ಘನ ಮೀಟರಿನ ನೆರೆಗೆ 32 ಲೀಟರ್ ಪಂಪು ಸಾಕು. ಆದರೆ ರೆನಾಲ್ಡ್ಸ್ ಸಂಖ್ಯೆ 125 ಪಟ್ಟು ಇಳಿಯುತ್ತದೆ, ಅದು ಕೆಲವು ಸಾವಿರಕ್ಕಿಂತ ಮೇಲೆ ಉಳಿಯುವಂತೆ ನೋಡಿಕೊಳ್ಳಿ. ಗುಳ್ಳೆಗಳು ಮಾತ್ರ ಚಿಕ್ಕದಾಗುವುದಿಲ್ಲ, ಹಾಗಾಗಿ ನೊರೆಯ ವಿಷಯದಲ್ಲಿ ಚಿಕ್ಕ ಮಾದರಿಯನ್ನು ನಂಬಬೇಡಿ.

ಕಂಪ್ಯೂಟರಿನಲ್ಲಿ ಎಲ್ಲ ಸುಳಿಗಳನ್ನೂ ಬಿಡಿಸಿ ಲೆಕ್ಕ ಮಾಡಲು ಬೇಕಾದ ಬಿಂದುಗಳು ರೆನಾಲ್ಡ್ಸ್ ಸಂಖ್ಯೆಯ ಎರಡೂಕಾಲು ಘಾತದಂತೆ ಬೆಳೆಯುತ್ತವೆ. ಹತ್ತು ಲಕ್ಷಕ್ಕೆ ಅದು ಕೋಟಿಯನ್ನು ಲಕ್ಷಗಳಿಂದ ಗುಣಿಸಿದಷ್ಟು. ಆದ್ದರಿಂದ ಸುಳಿಗಳ ಸರಾಸರಿ ಪರಿಣಾಮವನ್ನು ಸೂತ್ರಕ್ಕಿಳಿಸಿದ ಮಾದರಿಗಳನ್ನು ಬಳಸುತ್ತಾರೆ. ಅವುಗಳಲ್ಲಿ ಹೆಚ್ಚು ಬಳಕೆಯ ಕೆ-ಎಪ್ಸಿಲಾನ್ ಮಾದರಿ ಬಂಡೆಯ ಹಿಂದೆ ಹರಿವು ಬೇರ್ಪಡುವ ಕಡೆ ದುರ್ಬಲ, ಮಲೆನಾಡಿನ ಹಳ್ಳವೋ ಅಂಥ ಜಾಗಗಳಿಂದಲೇ ತುಂಬಿದೆ. ಬಣ್ಣಬಣ್ಣದ ಚಿತ್ರ ಬಂದಿತೆಂದು ನಿಲ್ಲಿಸದೆ, ಅದೇ ಹಳ್ಳದಲ್ಲಿ ಹತ್ತು ಬಿಂದುವಿನ ವೇಗವನ್ನಾದರೂ ಅಳೆದು ಪಕ್ಕದಲ್ಲಿಟ್ಟು ತೋರಿಸಿ.

ಈ ವಿಷಯದಲ್ಲಿ ಕರ್ನಾಟಕದವರು ಕೆಲಸ ಮಾಡಿದ್ದಾರೆಯೇ?

ಹೌದು, ಜಗತ್ತೇ ಗುರುತಿಸುವಷ್ಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ (1933–2020) ಪದರ ಹರಿವು ಕ್ಷುಬ್ಧವಾಗುವ ಬಗೆ, ಕ್ಷುಬ್ಧ ಹರಿವು ಮತ್ತೆ ಪದರವಾಗುವ ಬಗೆ ಎರಡನ್ನೂ ಅಧ್ಯಯನ ಮಾಡಿದವರು. 1990ರಲ್ಲಿ ಮುಂಗಾರು ದ್ರೋಣಿಯ (ಮಳೆಗಾಲದ ಕಡಿಮೆ ಒತ್ತಡದ ಪಟ್ಟಿಯ) ಉದ್ದಕ್ಕೆ 30 ಮೀಟರ್ ಕಂಬಗಳನ್ನು ನೆಟ್ಟು ನೆಲದ ಹತ್ತಿರದ ಗಾಳಿಯನ್ನು ಅಳೆದ ಮಾಂಟ್‌ಬ್ಲೆಕ್ಸ್ ಪ್ರಯೋಗದ ಹಿಂದೆಯೂ ಅವರಿದ್ದರು. ಬೆಂಗಳೂರಿನಲ್ಲಿ ಓದಿದ ಕೆ. ಆರ್. ಶ್ರೀನಿವಾಸನ್ ಸುಳಿಯ ಶಕ್ತಿ ಎಲ್ಲೆಡೆ ಸಮನಾಗಿ ಹಂಚದೆ ಅಲ್ಲಲ್ಲಿ ಒತ್ತಾಗಿ ಗುಂಪುಗೂಡುವುದನ್ನು ಪ್ರಯೋಗಗಳಿಂದ ತೋರಿಸಿದವರಲ್ಲಿ ಪ್ರಮುಖರು.

ಕೈಯಲ್ಲಿ ಉಪಕರಣವಿಲ್ಲ. ಪದವಿ ಪ್ರಾಜೆಕ್ಟ್‌ಗೆ ಏನು ಮಾಡಬಹುದು?

ಮೊಬೈಲ್ ಕ್ಯಾಮೆರಾ ಸಾಕು. ಕಾಲುಸಂಕದ ಮೇಲೆ ಮೊಬೈಲನ್ನು ಅಲ್ಲಾಡದಂತೆ ಕಟ್ಟಿ, ಹಳ್ಳದ ಎರಡೂ ಬದಿ ಎರಡೆರಡು ಗೂಟ ನೆಟ್ಟು ಅವುಗಳ ನಡುವಿನ ದೂರವನ್ನು ಟೇಪಿನಿಂದ ಅಳೆದುಕೊಳ್ಳಿ. ಚಿತ್ರದ ಅಳತೆಯನ್ನು ಮೀಟರಿಗೆ ತರಲು ಅವು ಬೇಕು. ಭತ್ತದ ಹೊಟ್ಟನ್ನು ಅಗಲಕ್ಕೂ ಸಮನಾಗಿ ಉದುರಿಸುತ್ತಾ ಐದು ನಿಮಿಷ ಚಿತ್ರೀಕರಿಸಿ. ಹೊಟ್ಟಿನ ಗುಂಪು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಎಷ್ಟು ಸರಿಯಿತೆಂದು ಹೊಂದಿಸಿ ನೋಡುವ ಉಚಿತ ತಂತ್ರಾಂಶಗಳಿವೆ. ಮೇಲ್ಮೈ ವೇಗದ ನಕ್ಷೆ ಸಿಕ್ಕ ಮೇಲೆ ಅದೇ ದಿನ, ಅದೇ ಜಾಗದಲ್ಲಿ ಉಪ್ಪಿನ ವಿಧಾನದಿಂದ ಹರಿವು ಅಳೆಯಿರಿ. ಅದನ್ನು ಹಳ್ಳದ ಅಗಲ ಗುಣಿಸು ಸರಾಸರಿ ಆಳದಿಂದ ಭಾಗಿಸಿದರೆ ಸರಾಸರಿ ವೇಗ. ಮೇಲ್ಮೈ ವೇಗಕ್ಕೂ ಸರಾಸರಿ ವೇಗಕ್ಕೂ ಇರುವ ಆ ಗುಣಾಂಕ, 0.85ಓ 0.65ಓ, ನಿಮ್ಮ ಹಳ್ಳಕ್ಕೆ ಎಷ್ಟೆಂದು ನೇರವಾಗಿ ಬರುತ್ತದೆ. ಜುಲೈ, ಅಕ್ಟೋಬರ್, ಜನವರಿ ಮೂರು ಸಲ ಮಾಡಿದರೆ ನೀರು ಇಳಿದಂತೆ ಗುಣಾಂಕ ಹೇಗೆ ಬದಲಾಗುತ್ತದೆ ಎಂಬುದೂ ಕಾಣುತ್ತದೆ. ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಮೋಡ ಮುಚ್ಚಿದಾಗ ಚಿತ್ರೀಕರಿಸಿ; ಬಿಸಿಲು ನೆತ್ತಿಗೇರಿದರೆ ನೀರಿನ ಮಿಂಚು ಹೊಟ್ಟನ್ನು ನುಂಗುತ್ತದೆ, ಮರದ ನೆರಳು ಅಲ್ಲಾಡಿದರೆ ತಂತ್ರಾಂಶ ಅದನ್ನೇ ಹರಿವು ಎಂದುಕೊಳ್ಳುತ್ತದೆ.